‘ಕನ್ಸನ್‌ತಲೌಸ್’ ಬಿಡಿಸಲು ಅಬುಧಾಬಿಗೆ

ದುಬೈಯ ಅಲ್ ಗುಬೈಬಾ ನಿಲ್ದಾಣದಿಂದ ಅಬುಧಾಬಿ ಬಸ್ಸು ಹೊರಟಾಗ ಬೆಳಗಿನ ಹತ್ತು ದಾಟಿತ್ತು. ಟಿಕೆಟ್ ಇಪ್ಪತ್ತೈದು ದಿರ್ಹಂ, ದಾರಿ ಎರಡು ಗಂಟೆ. ಆಗಸ್ಟಿನ ಸೆಕೆಗೆ ಕಿಟಕಿಯ ಗಾಜು ಹೊರಗಿನಿಂದ ಬೆವರಿತ್ತು, ಎ.ಸಿ.ಯಲ್ಲಿ ಕೂತ ನಾನೂ ಬೆವರುತ್ತಿದ್ದೆ.

ಅಲ್ಲಿನ ಭಾಷಾಂತರ ಕಚೇರಿಯೊಂದರಲ್ಲಿ ನನಗೆ ಕೆಲಸ. ಫಿನ್‌ಲೆಂಡಿನ ಗಿರಾಕಿಯ ಪ್ರದರ್ಶನ ಫಲಕದಲ್ಲಿ ‘ಕನ್ಸನ್‌ತಲೌಸ್’ ಎಂಬ ಪದವಿತ್ತು. ಒಬ್ಬ ಅನುವಾದಕ ಅದನ್ನು ‘ಜನರ ಮನೆ’ ಎಂದಿದ್ದ, ಇನ್ನೊಬ್ಬ ‘ದೇಶದ ಅರ್ಥವ್ಯವಸ್ಥೆ’ ಎಂದಿದ್ದ. ನಮಗೆ ಫಿನ್ನಿಶ್ ತಿದ್ದಿಕೊಡುತ್ತಿದ್ದ ಅಬುಧಾಬಿಯ ನಿವೃತ್ತ ಶಿಕ್ಷಕಿ ಹೆಲ್ಮಿ ಫೋನೇ ಎತ್ತುತ್ತಿರಲಿಲ್ಲ.

“ನೀನೇ ಹೋಗು ಮಾರಾಯ್ತಿ,” ಎಂದಿದ್ದರು ಉಳ್ಳಾಲದ ನಮ್ಮ ಮ್ಯಾನೇಜರ್ ಹಮೀದ್. “ಸಂಜೆ ಪ್ರಿಂಟಿಗೆ ಹೋಗ್ತದೆ. ತಪ್ಪಾದ್ರೆ ಈ ಗಿರಾಕಿ ಖಲಾಸ್. ಮತ್ತೆ ನಿನ್ನನ್ನು ಇಟ್ಟುಕೊಳ್ಳುವುದು ನನಗೂ ಕಷ್ಟ.”

ಗಂಡ ವಾಲ್ಟರನ ಕಂಪನಿ ಮುಚ್ಚಿದ ಮೇಲೆ ಮನೆ ನಡೆಯುತ್ತಿದ್ದುದು ನನ್ನ ಸಂಬಳದಲ್ಲಿ. ದಾರಿಯುದ್ದಕ್ಕೂ ಹೆಲ್ಮಿಗೆ ಫೋನ್ ಮಾಡಿದೆ. ಉತ್ತರವಿಲ್ಲ. ಒಂಟಿ ಹೆಂಗಸು, ಏನಾದರೂ ಆಗಿದ್ದರೆ?

ಅಲ್ ರೀಮ್ ಐಲ್ಯಾಂಡಿನ ಅವರ ಫ್ಲ್ಯಾಟಿನ ಬೆಲ್ ಒತ್ತಿ ಬಹಳ ಹೊತ್ತು ಕಾದ ಮೇಲೆ ಬಾಗಿಲು ತೆರೆಯಿತು. “ಫೋನ್ ಬಕೆಟ್ಟಿಗೆ ಬಿತ್ತು,” ಎಂದರು ಹೆಲ್ಮಿ ಇಂಗ್ಲಿಷಿನಲ್ಲಿ, ಏನೂ ಆಗದವರಂತೆ.

ಪದ ತೋರಿಸಿದೆ. “ಕನ್ಸ ಅಂದರೆ ಜನ, ಕನ್ಸನ್ ಅಂದರೆ ಜನರ. ತಲೊ ಅಂದರೆ ಮನೆ.”

ನಾನು ಪೆನ್ನು ತೆಗೆದೆ. “ಹಾಗಾದರೆ ಜನರ ಮನೆ?”

“ತಡಿ. ಇಲ್ಲಿರುವುದು ತಲೊ ಅಲ್ಲ, ತಲೌಸ್. ಹಿಂದೆ ತಲೊ ಅಂದರೆ ಹೊಲ, ದನ, ಅಡುಗೆಮನೆ ಎಲ್ಲ ಸೇರಿದ ಒಕ್ಕಲು. ಅದನ್ನು ನಡೆಸುವುದು ತಲೌಸ್. ಆಮೇಲೆ ಅದೇ ಮಾತನ್ನು ದೇಶಕ್ಕೂ ಹಚ್ಚಿದರು.”

“ನಮ್ಮಲ್ಲಿ ಮನೆವಾರ್ತೆ ಅನ್ನುತ್ತೇವೆ.”

“ಹೌದಾ? ನಿನ್ನ ಮನೆವಾರ್ತೆ ಯಾರು ನೋಡುತ್ತಾರೆ?”

ಸಹಜವಾಗಿಯೇ ಕೇಳಿದ್ದರು. ನನಗೆ ಅಳು ಬಂತು. ಅವರು ನಿಂಬೆ ಶರಬತ್ತು ತಂದಿಟ್ಟು ಪಕ್ಕದಲ್ಲಿ ಕೂತರು.

ಹಮೀದರಿಗೆ ಫೋನ್ ಮಾಡಿ ‘ಅರ್ಥವ್ಯವಸ್ಥೆ’ಯೇ ಸರಿ ಎಂದೆ.

“ಅಯ್ಯೋ, ಪ್ರೆಸ್ಸಿನವರು ಅವಸರ ಮಾಡಿದ್ರು ಅಂತ ಇನ್ನೊಂದನ್ನು ಈಗಷ್ಟೇ ಕಳಿಸಿಬಿಟ್ಟೆನಲ್ಲ! ಇರು, ನಿಲ್ಲಿಸ್ತೇನೆ.” ಲೈನ್ ಕಡಿಯಿತು.

ಕೆಳಗೆ ಟ್ಯಾಕ್ಸಿಗೆ ಕಾಯುವಾಗಲೂ ಹೆಲ್ಮಿ ನನ್ನ ಜೊತೆಗೇ ನಿಂತಿದ್ದರು. ಟ್ಯಾಕ್ಸಿ ಹತ್ತಿ ಇನ್ನೇನು ಹೊರಡಬೇಕು, ಹಮೀದರ ಕರೆ ಬಂತು.

“ನಿಂತಿತು. ಒಂದೂ ಅಚ್ಚಾಗಿಲ್ಲ. ನಾಳೆ ಬೇಗ ಬಾ, ಬೇರೆ ಫಲಕಗಳೂ ಬಂದಿವೆ.”

ತಿರುಗಿ ನೋಡಿದೆ. ಹೆಲ್ಮಿ ಉರಿಬಿಸಿಲಲ್ಲೇ ನಿಂತು, ಏನಾಯಿತು ಎಂದು ಕೈಸನ್ನೆಯಲ್ಲಿ ಕೇಳುತ್ತಿದ್ದರು. ಕಿಟಕಿ ಇಳಿಸಿ “ನಿಂತಿತು!” ಎಂದು ಕೂಗಿದೆ. ಕನ್ನಡದಲ್ಲಿ ಕೂಗಿದ್ದು ಆಮೇಲೆ ಹೊಳೆಯಿತು. ಅಷ್ಟರಲ್ಲಿ ಅವರು ಎರಡೂ ಕೈಯೆತ್ತಿ ನಗುತ್ತಿದ್ದರು.