ಹೊಂಗೆ ಎಣ್ಣೆಯ ಹರಿಗೋಲು

ಮುಳಬಾಗಿಲಿನ ಕಡೆ ನಾನು ಮೇಷ್ಟ್ರಾಗಿದ್ದಾಗ, ಕೆರೆ ತುಂಬಿದ ದಿನಗಳಲ್ಲಿ ನನ್ನನ್ನು ಸ್ಕೂಲಿಗೆ ದಾಟಿಸುತ್ತಿದ್ದವನು ಗದ್ದೆಗಳಿಗೆ ನೀರು ಬಿಡುವ ನೀರುಗಂಟಿ. ಅವನ ಹರಿಗೋಲಿಗೆ ಎಮ್ಮೆಯ ಚರ್ಮ ಹೊದಿಸಿತ್ತು. ವಾರಕ್ಕೊಮ್ಮೆ ಅದನ್ನು ಬೋರಲು ಹಾಕಿ ಒರೆಸಿ, ಹೊಂಗೆ ಎಣ್ಣೆ ತಿಕ್ಕಿ, ಬೆರಳಲ್ಲಿ ತಟ್ಟಿ ಕಿವಿಗೊಡುತ್ತಿದ್ದ. "ಅದೇ ಹೇಳ್ತದೆ ಮೇಷ್ಟ್ರೇ" ಎನ್ನುತ್ತಿದ್ದ. ಏನು ಹೇಳುತ್ತಿತ್ತೋ, ನನಗಂತೂ ಕೇಳಿಸಲಿಲ್ಲ.

ಆ ಎಣ್ಣೆಯ ನಾತ ನನ್ನ ಪಂಚೆಗೆ ಹತ್ತುತ್ತಿತ್ತು. ತಡೆಯಲಾರದೆ ಒಂದು ಸಲ ಕಡಲೆಕಾಯಿ ಎಣ್ಣೆ ತಂದುಕೊಟ್ಟೆ. ಮೇಷ್ಟ್ರು ಕೊಟ್ಟದ್ದೆಂದು ಅದನ್ನೇ ತಿಕ್ಕಿದ. ಬೆಳಿಗ್ಗೆ ನೋಡಿದರೆ ಇಲಿಗಳು ಅಂಗೈಯಗಲ ಚರ್ಮ ತಿಂದುಹಾಕಿದ್ದವು. ಎರಡು ದಿನ ಸ್ಕೂಲು ನಡೆಯಲಿಲ್ಲ.

ಅವನು ಬೈಯಲಿಲ್ಲ. ತೇಪೆ ಹೊಲಿದು, ಮತ್ತೆ ಹೊಂಗೆ ಎಣ್ಣೆ ಮೆತ್ತಿ, ಎಣ್ಣೆ ಹತ್ತಿದ ತನ್ನ ಅಂಗೈಯನ್ನು ನನ್ನ ಮೂಗಿಗೆ ಹಿಡಿದ: "ಇಲಿಗೂ ನಿಮಗೂ ಹಿಡಿಸ್ಬಾರ್ದು ಮೇಷ್ಟ್ರೇ. ಆಗ್ಲೇ ದಡ ಸೇರೋದು."