ಒನಕೆಯ ಪೆಟ್ಟಿನಲ್ಲಿ ಕಂಡ ನೆಲ

ನಾನು ಸದಾಶಿವಗಡದ ಮೀನುಗಾರರ ಮನೆಯವಳು. ಕೂಗಿ ಮಾತಾಡುವುದು ನಮ್ಮ ಹುಟ್ಟುಗುಣ. ನೆಲದೊಳಗಿನ ಅದುರು, ಅಂದರೆ ಕಂಪನ, ಆಲಿಸುವ ಉದ್ಯೋಗ ಹಿಡಿದಾಗ, ಮೊದಲು ಬಾಯಿ ಮುಚ್ಚಿ ಕೂರಲು ಕಲಿ ಎಂದು ಆಯಿ ಕೊಂಕಣಿಯಲ್ಲಿ ಛೇಡಿಸಿದ್ದಳು.

ಕೆಲಸವೇನೋ ಸರಳ. ನೆಲಕ್ಕೆ ಸೆನ್ಸರ್‌ಗಳನ್ನು ಚುಚ್ಚಿ, ದೂರದಲ್ಲಿ ಕಬ್ಬಿಣದ ತಟ್ಟೆಯಿಟ್ಟು ಸುತ್ತಿಗೆಯಿಂದ ಬಡಿಯುತ್ತೇವೆ. ಪೆಟ್ಟಿನ ಅದುರು ಬಂಡೆಯಲ್ಲಿ ಬೇಗ ಓಡುತ್ತದೆ, ಸಡಿಲ ಮಣ್ಣಿನಲ್ಲಿ ಕಾಲೆಳೆಯುತ್ತದೆ. ಅದು ಎಲ್ಲಿಗೆ ಎಷ್ಟು ಬೇಗ ಬಂತೆಂದು ನೋಡಿ ಕಂಪ್ಯೂಟರು ನೆಲದೊಳಗಿನ ಚಿತ್ರ ಬಿಡಿಸುತ್ತದೆ.

ಒಂದು ಬೇಸಿಗೆಯ ಕೊನೆಯಲ್ಲಿ ಹಿಲ್ಲೂರಿನ ಕಡೆ, ಗುಡ್ಡದ ಬುಡದ ಒಂದು ಮನೆಗೆ ಹೋದೆವು. ಗದ್ದೆ ಮಾಡಿಕೊಂಡಿದ್ದ ಗಂಡ ಹೆಂಡತಿ, ಜೊತೆಗೆ ಮಗ, ಸೊಸೆ. ಮನೆಯ ಹಿಂದೆ ಗುಡ್ಡ ಬಿರುಕು ಬಿಟ್ಟಿತ್ತು. ಮಳೆ ಹಿಡಿಯುವ ಮುಂಚೆ ಅವರು ಮನೆ ಬಿಡಬೇಕೋ ಬೇಡವೋ ಎಂದು ನಾನು ಹೇಳಬೇಕಿತ್ತು.

ನಮ್ಮ ಬಳಿ ಇದ್ದ ಸೆನ್ಸರ್‌ಗಳೇ ಕಡಿಮೆ. ಅದರ ಮೇಲೆ, ವಾಸದ ಮನೆಯ ನೆಲಕ್ಕೆ ಕಬ್ಬಿಣ ಚುಚ್ಚಬಾರದು, ಸುತ್ತಿಗೆಯಂತೂ ಬೇಡವೇ ಬೇಡ ಎಂದು ಮನೆಯೊಡತಿ ಖಡಾಖಂಡಿತ ಹೇಳಿಬಿಟ್ಟಳು. ಮನೆಯ ಸುತ್ತ ಮಾತ್ರ ಅಳೆದೆವು. ಬಂದ ಚಿತ್ರ ಚೆನ್ನಾಗಿಯೇ ಇತ್ತು, ಮನೆಯಡಿಗೂ ಗಟ್ಟಿ ಬಂಡೆ. ಆಕೆಗೆ ಹೇಳಿದೆ. ದೇವರಿಗೆ ಕೈಮುಗಿದಳು.

ಆದರೆ ನನಗೆ ಸಮಾಧಾನವಿಲ್ಲ. ಕಂಪ್ಯೂಟರ್ ಎಂಬುದು ಹೌದಪ್ಪನ ಚಾವಡಿಯಲ್ಲಿ ಹೌದಪ್ಪ. ಅದುರು ಹಾಯದ ಜಾಗವನ್ನು ಅಕ್ಕಪಕ್ಕ ನೋಡಿ ತುಂಬಿಬಿಡುತ್ತದೆ, ಗೊತ್ತಿಲ್ಲ ಎನ್ನುವ ನಾಚಿಕೆಯೂ ಅದಕ್ಕಿಲ್ಲ. ಮನೆಯಡಿಯ ಬಂಡೆ ಅದು ಊಹಿಸಿದ ಬಂಡೆ. ಮರುದಿನವೂ ಸೆನ್ಸರ್ ಹಿಡಿದು ಅಲ್ಲೇ ಸುಳಿದಾಡಿದೆ.

ಮನೆಯೊಳಗೆ ಪಿಟ್ಟೆನ್ನುವ ಸದ್ದಿರಲಿಲ್ಲ. ಸೊಸೆ ಪಿಸುಗುಡುತ್ತಿದ್ದಳು, ನಾಯಿಯನ್ನು ಗದ್ದೆಗೆ ಒಯ್ದು ಕಟ್ಟಿದ್ದರು. ಕೊನೆಗೆ ಮನೆಯೊಡತಿ ಹತ್ತಿರ ಬಂದು ಮೆಲ್ಲಗೆ ಕೇಳಿದಳು, "ಬಾಯೋರೇ, ನಿಮ್ಮ ಮಿಶನ್ನಿಗೆ ಕಿವಿ ಅದೆ ಹೇಳಿ ನಾವೆಲ್ಲ ಸುಮ್ನಿದ್ದೇವೆ. ಅವಲಕ್ಕಿಗೆ ಭತ್ತ ನೆನ್ಸಿಟ್ಟಿದ್ದೆ, ಹುಳಿ ಬರ್ತದೆ. ಕುಟ್ಟೂದು ಯಾವಾಗ?"

"ಒರಳು ಎಲ್ಲಿದೆ?"

"ಅಡುಗೆಮನೆ ಒಳಗೇ, ನೆಲದಲ್ಲಿ ಹುಗಿದದ್ದು."

ನನಗೆ ಕುಣಿಯುವಷ್ಟು ಖುಷಿಯಾಯಿತು. ಸೆನ್ಸರ್ ಇಡಲಾಗದ ಜಾಗದಿಂದ ಪೆಟ್ಟಾದರೂ ಹೊರಡಬಹುದಲ್ಲ! ಪೆಟ್ಟು ಬಿದ್ದ ಗಳಿಗೆ ತಿಳಿಯಲೆಂದು ಒನಕೆಗೇ ಒಂದು ಸೆನ್ಸರ್ ಕಟ್ಟಿದೆ. ಅತ್ತೆ ಸೊಸೆ ಭತ್ತ ಹುರಿದು, ಬಿಸಿಬಿಸಿಯಾಗಿಯೇ ಒರಳಿಗೆ ಹಾಕಿ ಕುಟ್ಟಿದರು. ಅವರು ಕುಟ್ಟುತ್ತಿದ್ದಂತೆ ನಾನು ಇದ್ದಷ್ಟೇ ಸೆನ್ಸರ್‌ಗಳನ್ನು ಕಿತ್ತು ಕಿತ್ತು ಮನೆಯ ಸುತ್ತೆಲ್ಲ ನೆಟ್ಟೆ. ಅವಲಕ್ಕಿ ಮುಗಿಯುವಷ್ಟರಲ್ಲಿ ಮನೆಯಡಿಯಿಂದ ಎಲ್ಲ ದಿಕ್ಕಿಗೂ ಅದುರು ಹಾದಿತ್ತು.

ಹೊಸ ಚಿತ್ರದಲ್ಲಿ ಅಡುಗೆಮನೆಯಡಿ ಬಂಡೆಯೇ ಇರಲಿಲ್ಲ. ಆಳದವರೆಗೂ ಸಡಿಲ ಮಣ್ಣು, ಗುಡ್ಡದಿಂದ ಮನೆಯತ್ತ ಇಳಿಜಾರಾಗಿ.

ನಿನ್ನೆ ಹೇಳಿದ್ದು ತಪ್ಪು, ಇಲ್ಲಿ ಮಳೆಗಾಲ ಕಳೆಯಬೇಡಿ ಎಂದೆ. ಆಕೆಯ ಕೈಗೆ ಇನ್ನೂ ತೌಡು ಮೆತ್ತಿಕೊಂಡಿತ್ತು.

"ಹಂಗಾರೆ ನಾನು ಕುಟ್ಟದೇ ಇದ್ರೆ ಮನೆ ಉಳೀತಿತ್ತಾ ಬಾಯೋರೇ?"

ಆಕೆಯ ಸಂಕಟ ನೋಡಲಾಗದೆ ಕೇಬಲ್ ಸುತ್ತುವ ನೆವ ಮಾಡಿದೆ.

ಗದ್ದೆಯ ಆಚೆ ಬಂಡೆ ನೆಲಮಟ್ಟದ ಹತ್ತಿರವೇ ಇರುವ ಜಾಗ ತೋರಿಸಿದೆ. ಅವರು ಅಲ್ಲಿ ಮನೆ ಕಟ್ಟಿಕೊಂಡು ಈಗ ಕೆಲವು ವರ್ಷ. ಗುಡ್ಡ ಬಿದ್ದಿಲ್ಲ. ಪ್ರತಿ ಮಳೆಗಾಲ ಕಳೆದ ಮೇಲೆ ಅಂಕೋಲೆಯ ಪೇಟೆಯಲ್ಲಿ ಆಕೆ ಸಿಕ್ಕರೆ ನಾಲ್ಕು ಜನರೆದುರೇ ಶುರು.

"ಬೀಳ್ತದೆ ಹೇಳಿ ಬಂಗಾರದಂಥ ಮನೆ ಬಿಡ್ಸಿದ್ರಿ. ಬಂದು ನೋಡಿ, ಗುಡ್ಡ ಹಂಗೇ ನಿಂತದೆ!"

ನಾನು ವಾದಿಸುವುದಿಲ್ಲ. ಜುಲೈಯಲ್ಲಿ ಮಳೆ ಹೊಯ್ಯುವಾಗೆಲ್ಲ, ಈ ಸಲವೂ ನನಗೆ ಬೈಗುಳ ತಪ್ಪದಿರಲಿ ಎಂದು ಬೇಡಿಕೊಳ್ಳುತ್ತೇನೆ. ಈ ವರ್ಷವೂ ಚೆನ್ನಾಗಿ ಬೈಸಿಕೊಂಡೆ.