ಸೋರದ ಪೈಪು, ತೀರದ ಬಾಯಾರಿಕೆ

ನಾನು ಪ್ಲಂಬರ್. ಗಿರಿನಗರದ ಒಂದು ಮನೆಯ ಹಾಲ್‌ನಲ್ಲಿ ದಿನಾ ಬೆಳಿಗ್ಗೆ ನೀರು ನಿಂತಿರುತ್ತೆ ಅಂತ ಕರೆದಿದ್ದರು. ಎಲ್ಲ ಪೈಪು ತಡಕಿದೆ, ಎಲ್ಲೂ ಸೋರುತ್ತಿರಲಿಲ್ಲ. ಅಷ್ಟರಲ್ಲಿ ಅವರ ಮುದಿ ನಾಯಿ ರಾಣಿ ಒಂದು ಬೋಗುಣಿ ನೀರನ್ನು ಗಟಗಟ ಖಾಲಿ ಮಾಡಿ, ಇನ್ನೂ ಬೇಕು ಅನ್ನೋ ಹಾಗೆ ನನ್ನ ಮುಖ ನೋಡಿತು. ನೆಲದ ಒದ್ದೆಯ ಸುತ್ತ ಇರುವೆ ಮುತ್ತಿಕೊಂಡಿದ್ದವು.

"ಮೇಡಂ, ಇದು ನಲ್ಲಿ ನೀರಲ್ಲ. ರಾಣಿ ಉಚ್ಚೆ."

"ಹನ್ನೆರಡು ವರ್ಷದಲ್ಲಿ ಅವಳು ಒಂದಿನಾನೂ ಒಳಗೆ ಮಾಡಿಲ್ಲ ಕಣ್ರೀ!" ಮನೆಯೊಡತಿಗೆ ಸಿಟ್ಟೇ ಬಂತು.

"ನಮ್ಮಪ್ಪನಿಗೆ ಶುಗರ್ ಬಂದಾಗ್ಲೂ ಹೀಗೇ ಇರುವೆ ಬರ್ತಿತ್ತು. ಒಂದ್ಸಲ ಡಾಕ್ಟರಿಗೆ ತೋರಿಸಿ," ಅಂದೆ.

ಮರುದಿನ ಅವರದೇ ಫೋನು. ಶುಗರ್ರೇ ಅಂತೆ, ಇಂಜೆಕ್ಷನ್ ಶುರುವಾಗಿದೆಯಂತೆ.

"ಮೊದಲು ಯಾರಿಗೆ ತೋರಿಸಿದ್ರಿ ಅಂತ ಡಾಕ್ಟರ್ ಕೇಳಿದ್ರು," ಅಂದರು. "ಪ್ಲಂಬರಿಗೆ ಅಂದೆ."